ಕಲಂ 12ರ ಒಂದು ವಾಕ್ಯ: ಸಿವಿಲ್ ಮದುವೆಯೊಂದರ ಪ್ರಕರಣ ಅಧ್ಯಯನ

"ವಕೀಲರೇ, ಊರ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಬಿಡುತ್ತೇವೆ. ಆಮೇಲೆ ನೀವು ರಿಜಿಸ್ಟರ್ ಮಾಡಿಸಿಕೊಡಿ. ಅಷ್ಟು ಸಾಲದೇ?"

ಹುಡುಗನ ತಾಯಿ ನನ್ನ ಕಚೇರಿಗೆ ಬಂದು ಕುಳಿತ ಕೂಡಲೇ ಕೇಳಿದ ಪ್ರಶ್ನೆ ಇದು. ಅವರ ಪಕ್ಕದಲ್ಲಿ ಮಗ, ಎದುರಿನ ಕುರ್ಚಿಯಲ್ಲಿ ಅವನು ಮದುವೆಯಾಗಬೇಕೆಂದಿದ್ದ ಹುಡುಗಿ. ಹುಡುಗ ದಾವಣಗೆರೆ ಜಿಲ್ಲೆಯ ಅಡಿಕೆ ಬೆಳೆಗಾರರ ಮನೆಯವನು, ಹಿಂದೂ, ತಂದೆ ತೀರಿಕೊಂಡಿದ್ದಾರೆ. ಹುಡುಗಿ ಕರಾವಳಿಯ ಕ್ಯಾಥೊಲಿಕ್ ಕುಟುಂಬದವಳು, ಮನೆಮಾತು ಕೊಂಕಣಿ. ಇಬ್ಬರೂ ಮೂವತ್ತರ ಆಸುಪಾಸಿನವರು, ತಮ್ಮ ತಮ್ಮ ದುಡಿಮೆಯಲ್ಲಿ ಬದುಕುತ್ತಿರುವವರು. ತಾನು ಧರ್ಮ ಬದಲಿಸುವುದೂ ಬೇಡ, ಇನ್ನೊಬ್ಬರು ಬದಲಿಸುವುದೂ ಬೇಡ ಎಂಬುದರಲ್ಲಿ ಇಬ್ಬರದೂ ಒಂದೇ ಮಾತು. ಗುರುತು ಹತ್ತದಿರಲೆಂದು ಅವರ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ತಾಯಿಯ ಪ್ರಶ್ನೆ ಸಹಜವಾದದ್ದೇ. ನಮ್ಮಲ್ಲಿ 'ರಿಜಿಸ್ಟರ್ ಮದುವೆ' ಎಂಬ ಒಂದೇ ಮಾತನ್ನು ಎರಡು ಬೇರೆ ಸಂಗತಿಗಳಿಗೆ ಬಳಸುತ್ತೇವೆ. ಮಂಟಪದಲ್ಲೋ ದೇವಸ್ಥಾನದಲ್ಲೋ ಆಗಿಹೋದ ಮದುವೆಯನ್ನು ಸರ್ಕಾರದ ಪುಸ್ತಕದಲ್ಲಿ ಬರೆಸುವುದೂ ರಿಜಿಸ್ಟರ್ ಮದುವೆಯೇ, ಅಧಿಕಾರಿಯ ಮುಂದೆಯೇ ಮದುವೆ ನಡೆಯುವುದೂ ರಿಜಿಸ್ಟರ್ ಮದುವೆಯೇ. ಕಾನೂನಿನ ಕಣ್ಣಿಗೆ ಇವೆರಡೂ ಒಂದಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ನೋಂದಣಿಯು ಆಗಿರುವ ಮದುವೆಗೆ ಪುರಾವೆ ಮಾತ್ರ. ಶಾಸ್ತ್ರವೇ ನಡೆಯದೆ ಪಡೆದ ಪ್ರಮಾಣಪತ್ರದಿಂದ ಮದುವೆ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಅದಕ್ಕಿಂತ ಮುಖ್ಯವಾಗಿ, ಆ ಕಾಯ್ದೆಯಡಿ ಮದುವೆಯಾಗಲು ಗಂಡು ಹೆಣ್ಣು ಇಬ್ಬರೂ ಹಿಂದೂಗಳಾಗಿರಬೇಕು. ಕ್ರೈಸ್ತನೊಬ್ಬ ಹಿಂದೂ ಹುಡುಗಿಗೆ ದೇವಸ್ಥಾನದಲ್ಲಿ ತಾಳಿ ಕಟ್ಟಿ, ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿಯನ್ನೂ ಮಾಡಿಸಿಕೊಂಡಿದ್ದ ಪ್ರಕರಣವೊಂದರಲ್ಲಿ ಅದು ಮದುವೆಯೇ ಅಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು. ಈ ತಾಯಿ ಕೇಳುತ್ತಿದ್ದದ್ದು ಹೆಚ್ಚು ಕಡಿಮೆ ಅದೇ ದಾರಿ, ಗಂಡು ಹೆಣ್ಣಿನ ಧರ್ಮ ಮಾತ್ರ ಅದಲು ಬದಲು.

1872ರ ಕ್ರೈಸ್ತ ವಿವಾಹ ಕಾಯ್ದೆಯಡಿ, ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಮದುವೆ ಸಾಧ್ಯವಿದೆ ಎಂದೂ ತಿಳಿಸಿದೆ. ಅವರಿಗೆ ಅದು ಬೇಡವಾಗಿತ್ತು. ಉಳಿದದ್ದು 1954ರ ವಿಶೇಷ ವಿವಾಹ ಕಾಯ್ದೆ. 1872ರಲ್ಲಿ ಬಂದಿದ್ದ ಇದೇ ಹೆಸರಿನ ಹಳೆಯ ಕಾಯ್ದೆ, ಮದುವೆಯಾಗುವವರಿಂದ 'ನಾನು ಹಿಂದೂ ಅಲ್ಲ, ಮುಸ್ಲಿಮನಲ್ಲ, ಕ್ರೈಸ್ತನಲ್ಲ' ಎಂದು ಬರೆಸಿಕೊಳ್ಳುತ್ತಿತ್ತು. ಪ್ರೀತಿಸಿದ ತಪ್ಪಿಗೆ ಹುಟ್ಟಿದ ಧರ್ಮವನ್ನು ಅಲ್ಲಗಳೆಯಬೇಕಾಗಿತ್ತು. 1955ರ ಜನವರಿ 1ರಿಂದ ಜಾರಿಗೆ ಬಂದ ಈಗಿನ ಕಾಯ್ದೆ ಧರ್ಮದ ಪ್ರಶ್ನೆಯನ್ನೇ ಕೇಳುವುದಿಲ್ಲ. ನನಗೆ ಈ ಕಾಯ್ದೆಯ ಮೇಲಿರುವ ಗೌರವಕ್ಕೆ ಮೊದಲ ಕಾರಣ ಇದೇ.

ನೋಟಿಸ್ ಬೋರ್ಡಿನ ಮೂವತ್ತು ದಿನ

ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ ಮೂವತ್ತು ದಿನಗಳಿಂದ ವಾಸವಾಗಿರುವ ಜಿಲ್ಲೆಯ ವಿವಾಹಾಧಿಕಾರಿಗೆ ಮೊದಲು ನೋಟಿಸ್ ಕೊಡಬೇಕು. ನಮ್ಮ ರಾಜ್ಯದಲ್ಲಿ ಉಪನೋಂದಣಾಧಿಕಾರಿಯೇ ವಿವಾಹಾಧಿಕಾರಿ. ಹುಡುಗ ಎರಡು ವರ್ಷಗಳಿಂದ ಬಾಡಿಗೆಗೆ ಇದ್ದ ಊರಿನಲ್ಲಿ, ಬಾಡಿಗೆ ಕರಾರನ್ನು ಲಗತ್ತಿಸಿ, ಮಾರ್ಚ್ 3ರಂದು ನೋಟಿಸ್ ಕೊಟ್ಟೆವು. ಮರುದಿನ ಅದು ಕಚೇರಿಯ ಫಲಕಕ್ಕೆ ಬಿತ್ತು. ಅಲ್ಲಿಂದ ಮೂವತ್ತು ದಿನ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ನೋಟಿಸ್ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ತೆರೆದು ನೋಡಬಹುದು.

ಬಹಳ ಜೋಡಿಗಳಿಗೆ ಗೊತ್ತಿಲ್ಲದ ವಿಷಯವೊಂದಿದೆ. ಇಬ್ಬರಲ್ಲಿ ಯಾರದಾದರೂ ಕಾಯಂ ವಿಳಾಸ ಬೇರೆ ಜಿಲ್ಲೆಯದಾಗಿದ್ದರೆ ನೋಟಿಸಿನ ಒಂದು ಪ್ರತಿ ಆ ಜಿಲ್ಲೆಯ ವಿವಾಹಾಧಿಕಾರಿಗೂ ಹೋಗುತ್ತದೆ, ಅಲ್ಲಿಯ ಫಲಕಕ್ಕೂ ಬೀಳುತ್ತದೆ. ಹುಡುಗಿಯ ಊರಿನ ಕಚೇರಿಯಲ್ಲಿ ಅವಳ ಭಾವಚಿತ್ರವಿರುವ ಕಾಗದ ಗೋಡೆಗೆ ಅಂಟುತ್ತದೆ, ಪಹಣಿಗೋ ಋಣಭಾರ ಪತ್ರಕ್ಕೋ ಬಂದ ನೆರೆಯವರು ಅದನ್ನು ಓದುತ್ತಾರೆ. ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. "ಹಾಗಾದರೆ ಗೋಡೆಗಿಂತ ಮೊದಲು ನಾನೇ ಅಪ್ಪನಿಗೆ ಹೇಳಬೇಕು" ಎಂದಳು. ನೋಟಿಸ್ ಕೊಡುವ ಹಿಂದಿನ ರಾತ್ರಿ ಮನೆಗೆ ಫೋನ್ ಮಾಡಿ ಹೇಳಿಯೇಬಿಟ್ಟಳು. ಎರಡೂ ಕಡೆ ಅಳು, ಕೋಪ, ಫೋನ್ ಕಟ್ಟಾಯಿತು. ಆದರೂ ತಂದೆಗೆ ಸುದ್ದಿ ಮಗಳ ಬಾಯಿಂದ ಹೋಯಿತು, ಪರರ ಬಾಯಿಂದಲ್ಲ. ಆಮೇಲೆ ನಡೆದದ್ದರಲ್ಲಿ ಇದು ದೊಡ್ಡ ವ್ಯತ್ಯಾಸ ಮಾಡಿತು ಎಂದು ನಾನು ನಂಬಿದ್ದೇನೆ.

ಈ ಪ್ರಕಟಣೆಯ ನಿಯಮ ಇಂದಿಗೆ ಹೊಂದುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಒಂದೇ ಧರ್ಮದವರು ಕಲ್ಯಾಣಮಂಟಪದಲ್ಲಿ ಮದುವೆಯಾಗಲು ಯಾವ ಗೋಡೆಯ ಮೇಲೂ ತಮ್ಮ ವಿಳಾಸ ಅಂಟಿಸಬೇಕಿಲ್ಲ. ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ, ಜೋಡಿ ಲಿಖಿತವಾಗಿ ಕೋರದಿದ್ದರೆ ನೋಟಿಸನ್ನು ಪ್ರಕಟಿಸಬೇಕಿಲ್ಲ ಎಂದು ಹೇಳಿತು. ಆದರೆ ಕಾಯ್ದೆಯ ಕಲಂ 6 ಪುಸ್ತಕದಲ್ಲಿ ಹಾಗೆಯೇ ಉಳಿದಿದೆ, ನಮ್ಮ ಕಚೇರಿ ಅದನ್ನೇ ಪಾಲಿಸಿತು.

ಬಂದ ಆಕ್ಷೇಪಣೆ

ಮೊದಲು ಬಂದದ್ದು ಅಂಚೆಯಲ್ಲಿ ಒಂದು ಪತ್ರ. ಹೆಸರಿಲ್ಲ, ಸಹಿಯಿಲ್ಲ. ಗುಮಾಸ್ತರು ಅದನ್ನೇ ಹಿಡಿದು "ಆಕ್ಷೇಪಣೆ ಬಂದಿದೆ, ಮದುವೆ ಆಗುವುದಿಲ್ಲ" ಎಂದರು. ಆಕ್ಷೇಪಣೆಯನ್ನು ನೋಟಿಸ್ ಪುಸ್ತಕದಲ್ಲಿ ಬರೆದುಕೊಂಡು, ಅಗತ್ಯವಿದ್ದರೆ ಓದಿ ಹೇಳಿ, ಆಕ್ಷೇಪಿಸಿದವರ ಸಹಿ ಪಡೆಯಬೇಕೆಂದು ಕಲಂ 7 ಹೇಳುತ್ತದೆ. ಹೆಸರಿಲ್ಲದ ಪತ್ರ ಆಕ್ಷೇಪಣೆಯಾಗಲಾರದು ಎಂದು ಬರೆದುಕೊಟ್ಟೆ, ಅಧಿಕಾರಿ ಒಪ್ಪಿದರು.

ಮಾರ್ಚ್ 28ರಂದು ಹುಡುಗಿಯ ಬಂಧುವೊಬ್ಬರು ಖುದ್ದಾಗಿ ಬಂದು ಸಹಿ ಹಾಕಿದರು. ಅವರ ಆಕ್ಷೇಪಣೆಯಲ್ಲಿ ಎರಡು ಮಾತುಗಳಿದ್ದವು: ತಂದೆತಾಯಿಯ ಒಪ್ಪಿಗೆಯಿಲ್ಲ ಎಂಬುದು ಒಂದು, ಹುಡುಗಿಯ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂಬುದು ಇನ್ನೊಂದು. ಇವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಕಲಂ 4ರ ಷರತ್ತುಗಳು ಕೆಲವೇ: ಇಬ್ಬರಿಗೂ ಜೀವಂತ ಸಂಗಾತಿ ಇರಕೂಡದು, ಒಪ್ಪಿಗೆ ಕೊಡಲಾಗದ ಮಾನಸಿಕ ಸ್ಥಿತಿ ಇರಕೂಡದು, ಗಂಡಿಗೆ 21 ಹೆಣ್ಣಿಗೆ 18 ತುಂಬಿರಬೇಕು, ನಿಷಿದ್ಧ ಸಂಬಂಧದವರಾಗಿರಕೂಡದು. (ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯುಳ್ಳ ನಮ್ಮವರು ಈ ಕೊನೆಯ ಷರತ್ತನ್ನು ಗಮನಿಸಬೇಕು. ಆ ಸಂಬಂಧಗಳು ಈ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲಿವೆ. ರೂಢಿಗೆ ವಿನಾಯಿತಿ ಉಂಟು, ಆದರೆ ಆ ರೂಢಿಯನ್ನು ರಾಜ್ಯ ಸರ್ಕಾರ ರಾಜ್ಯಪತ್ರದಲ್ಲಿ ಅಧಿಸೂಚಿಸಿರಬೇಕು.) ತಂದೆತಾಯಿಯ ಒಪ್ಪಿಗೆ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಇಬ್ಬರು ವಯಸ್ಕರು ಒಪ್ಪಿದ ಮೇಲೆ ಕುಟುಂಬದ ಅಥವಾ ಸಮುದಾಯದ ಅನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಹೇಳಿದೆ. ಇಷ್ಟಪಟ್ಟವರನ್ನು ಮದುವೆಯಾಗುವುದು ವಯಸ್ಕರ ಮೂಲಭೂತ ಹಕ್ಕೆಂದು ನಮ್ಮ ಹೈಕೋರ್ಟೇ 2020ರ ನವೆಂಬರ್‌ನಲ್ಲಿ ಹೇಳಿದೆ. ಹೀಗಾಗಿ ಮೊದಲ ಮಾತನ್ನು ವಿಚಾರಣೆಗೆ ತೆಗೆದುಕೊಳ್ಳುವ ಅಗತ್ಯವೇ ಇರಲಿಲ್ಲ.

ಎರಡನೆಯದು ಮಾತ್ರ ಷರತ್ತಿನ ಒಳಗೇ ಬರುತ್ತಿತ್ತು. ಯಾರೋ ತಿಳಿದವರು ಹೇಳಿಕೊಟ್ಟಿರಬೇಕು. ಬುದ್ಧಿ ಸರಿಯಿಲ್ಲ ಎಂದು ಯಾರಾದರೂ ಸಹಿ ಹಾಕಿ ಬರೆದರೆ ಅಧಿಕಾರಿ ವಿಚಾರಣೆ ನಡೆಸಲೇಬೇಕು. ಆದರೆ ಆಕ್ಷೇಪಣೆಯ ದಿನದಿಂದ ಮೂವತ್ತು ದಿನಗಳೊಳಗೆ ಅದನ್ನು ತೀರ್ಮಾನಿಸಬೇಕು. ತಿರಸ್ಕರಿಸಿ ಮದುವೆ ನಡೆಸಬಹುದು, ಎತ್ತಿಹಿಡಿದರೆ ಜೋಡಿ ಮೂವತ್ತು ದಿನಗಳಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು. ಇದಕ್ಕೆಲ್ಲ ಹಿಂದಿನಿಂದ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ: ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಆ ನೋಟಿಸ್ ಬಿದ್ದುಹೋಗುತ್ತದೆ, ಎಲ್ಲವೂ ಮೊದಲಿನಿಂದ. ನಮ್ಮ ಗಡುವು ಜೂನ್ 3ಕ್ಕೆ ಮುಗಿಯುತ್ತಿತ್ತು.

ವಿಚಾರಣೆಯ ದಿನ ಹುಡುಗಿ ಅಧಿಕಾರಿಯ ಮುಂದೆ ಕುಳಿತು ತನ್ನ ಓದು, ಕೆಲಸ, ಈ ಮದುವೆ ಏಕೆ ಎಂಬುದನ್ನೆಲ್ಲ ನಿಧಾನವಾಗಿ ಹೇಳಿದಳು. ಆಕ್ಷೇಪಿಸಿದವರ ಬಳಿ ವೈದ್ಯರ ಒಂದು ಚೀಟಿಯೂ ಇರಲಿಲ್ಲ. ಅವಳ ಮಾತು ಮುಗಿಯುವ ಹೊತ್ತಿಗೆ ಅವರು ತಲೆ ತಗ್ಗಿಸಿದ್ದರು. ಏಪ್ರಿಲ್ 21ರಂದು ಆಕ್ಷೇಪಣೆ ತಿರಸ್ಕೃತವಾಯಿತು. ಸದ್ಭಾವನೆಯಿಲ್ಲದ ಆಕ್ಷೇಪಣೆಗೆ ಸಾವಿರ ರೂಪಾಯಿವರೆಗೆ ವೆಚ್ಚ ಹೇರುವ ಅಧಿಕಾರ ವಿವಾಹಾಧಿಕಾರಿಗಿದೆ. ಹುಡುಗಿ ಅದು ಬೇಡವೆಂದಳು.

ಏಪ್ರಿಲ್ 24

ಕಚೇರಿಯ ತುಂಬ ಕ್ರಯಪತ್ರಕ್ಕೆ ಬಂದವರು. ಮೂವರು ಸಾಕ್ಷಿಗಳು ಬೇಕು. ಹುಡುಗನ ತಾಯಿ, ಅವನ ಗೆಳೆಯ, ಮತ್ತು ಹುಡುಗಿಯ ಸೋದರತ್ತೆ. ಅತ್ತೆ ರಾತ್ರಿ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಆ ಮನೆಯಿಂದ ಬಂದವರು ಅವರೊಬ್ಬರೇ.

ಮೊದಲು ಘೋಷಣಾಪತ್ರ. ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿರುವ ನಮೂನೆ ಇದು. ಈಗ ನಾನು ಅವಿವಾಹಿತ, ಅಥವಾ ವಿಧುರ, ಅಥವಾ ವಿಚ್ಛೇದಿತ. ನನಗೆ ಇಷ್ಟು ವಯಸ್ಸು ತುಂಬಿದೆ. ನಾವು ನಿಷಿದ್ಧ ಸಂಬಂಧದವರಲ್ಲ. ಇದರಲ್ಲಿ ಸುಳ್ಳಿದ್ದರೆ ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗುತ್ತೇನೆಂದು ಬಲ್ಲೆ. ಗಂಡು, ಹೆಣ್ಣು, ಮೂವರು ಸಾಕ್ಷಿಗಳು ಅಧಿಕಾರಿಯ ಎದುರಿಗೇ ಸಹಿ ಹಾಕಬೇಕು, ಅಧಿಕಾರಿ ಮೇಲು ಸಹಿ ಹಾಕಬೇಕು. ಸಾಕ್ಷಿಗಳಿಗೂ ಓದಿ ಹೇಳಿಯೇ ಸಹಿ ಮಾಡಿಸಿದೆ.

ಸಹಿಗಳು ಮುಗಿದವು. ಗುಮಾಸ್ತರು ಪ್ರಮಾಣಪತ್ರದ ಪುಸ್ತಕವನ್ನು ಮುಂದಕ್ಕೆ ಸರಿಸಿದರು. "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ. ಹಾಕಿಬಿಡಿ, ಮುಗಿಯಿತು."

"ಸರ್, ಮದುವೆ ಇನ್ನೂ ಆಗಿಲ್ಲ" ಎಂದೆ.

ಅಧಿಕಾರಿ ತಲೆಯೆತ್ತಿದರು. "ಘೋಷಣೆಗೆ ಸಹಿ ಹಾಕಿದರಲ್ಲ?"

ಈ ಗಲಿಬಿಲಿಯನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಘೋಷಣೆ ಹೇಳುವುದು ನಾನು ಮದುವೆಯಾಗಲು ಅರ್ಹ ಎಂಬುದನ್ನು ಮಾತ್ರ. ಅದಕ್ಕೆ ಸಹಿ ಹಾಕಿ ಎದ್ದು ಹೋದವನು ಅವಿವಾಹಿತನಾಗಿಯೇ ಹೋಗುತ್ತಾನೆ. ಮದುವೆಯನ್ನು ಉಂಟುಮಾಡುವುದು ಕಲಂ 12. ಮದುವೆಯನ್ನು ಜೋಡಿ ತಮಗೆ ಇಷ್ಟವಾದ ಯಾವ ರೀತಿಯಲ್ಲಾದರೂ ನಡೆಸಿಕೊಳ್ಳಬಹುದು ಎಂದು ಅದು ಮೊದಲು ಸ್ವಾತಂತ್ರ್ಯ ಕೊಡುತ್ತದೆ. ಹಾಗೆ ಕೊಟ್ಟು ಒಂದು ಕಟ್ಟು ಹಾಕುತ್ತದೆ: ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಸಮ್ಮುಖದಲ್ಲಿ, ಇಬ್ಬರಿಗೂ ಅರ್ಥವಾಗುವ ಯಾವುದೇ ಭಾಷೆಯಲ್ಲಿ, ಒಬ್ಬರು ಇನ್ನೊಬ್ಬರಿಗೆ 'ನಾನು ನಿನ್ನನ್ನು ನನ್ನ ಕಾನೂನುಬದ್ಧ ಪತ್ನಿಯನ್ನಾಗಿ', 'ನನ್ನ ಕಾನೂನುಬದ್ಧ ಪತಿಯನ್ನಾಗಿ ಸ್ವೀಕರಿಸುತ್ತೇನೆ' ಎಂದು ಹೆಸರು ಹಿಡಿದು ಹೇಳಬೇಕು. ಹೇಳುವ ತನಕ ಮದುವೆ ಪೂರ್ಣವೂ ಅಲ್ಲ, ಬದ್ಧವೂ ಅಲ್ಲ.

ಹೇಳದೆ ಪ್ರಮಾಣಪತ್ರ ಪಡೆದರೆ ಏನಾದೀತು? ಪ್ರಮಾಣಪತ್ರವು ಮದುವೆ ನಡೆದಿದೆ ಎಂಬುದಕ್ಕೆ ನಿರ್ಣಾಯಕ ಸಾಕ್ಷ್ಯ ಎಂದು ಕಲಂ 13 ಹೇಳುವುದರಿಂದ ಬಹಳ ಮಟ್ಟಿಗೆ ರಕ್ಷಣೆ ಸಿಗುತ್ತದೆ ಎಂದು ವಾದಿಸಬಹುದು. ಆದರೆ ಅದರಲ್ಲಿ ಅಧಿಕಾರಿ ದೃಢೀಕರಿಸುವುದೇನು? ಕಲಂ 11ರ ಘೋಷಣೆಗಳಾದವು ಮತ್ತು ಮದುವೆ ನನ್ನ ಸಮ್ಮುಖದಲ್ಲಿ ನೆರವೇರಿತು ಎಂದು. ನೆರವೇರದ್ದನ್ನು ನೆರವೇರಿತೆಂದು ಬರೆಸುವ ಸ್ಥಿತಿಗೆ ಅಧಿಕಾರಿಯನ್ನೇಕೆ ತರಬೇಕು? ಹತ್ತು ವರ್ಷದ ನಂತರ ಆಸ್ತಿಗಾಗಿ ಯಾರೋ ದಾವೆ ಹೂಡಿ, ಮೂವರು ಸಾಕ್ಷಿಗಳಲ್ಲಿ ಒಬ್ಬರನ್ನು ಕಟಕಟೆಗೆ ಹತ್ತಿಸಿ 'ಅವರು ಪರಸ್ಪರ ಏನು ಹೇಳಿಕೊಂಡರು?' ಎಂದು ಕೇಳಿದಾಗ ಸಾಕ್ಷಿಯ ಬಾಯಿಂದ ನಿಜವಾದ ಉತ್ತರವೊಂದು ಬರಬೇಕು. ಅರ್ಧ ನಿಮಿಷ ಉಳಿಸಲು ಹೋಗಿ ಈ ಜೋಡಿಗೆ ಅಂಥದೊಂದು ಅನುಮಾನವನ್ನು ಅಂಟಿಸಲು ನಾನು ಸಿದ್ಧನಿರಲಿಲ್ಲ.

ಅಧಿಕಾರಿ ಕಪಾಟಿನಿಂದ ಕಾಯ್ದೆಯ ಪುಸ್ತಕ ತರಿಸಿ, ಕಲಂ 12 ಓದಿದರು. ಪೆನ್ನಿಗೆ ಮುಚ್ಚಳ ಹಾಕಿದರು. "ಎಲ್ಲರೂ ಒಂದೆರಡು ನಿಮಿಷ ಸುಮ್ಮನಿರಿ" ಎಂದು ಹೊರಗಿನವರಿಗೆ ಹೇಳಿದರು. ಆ ಸೌಜನ್ಯಕ್ಕೆ ನಾನು ಇಂದಿಗೂ ಋಣಿ.

ಭಾಷೆಯ ವಿಷಯ ನಾವು ಮೊದಲೇ ಮಾತನಾಡಿಕೊಂಡಿದ್ದೆವು. ಹುಡುಗಿಗೆ ಆ ಮಾತನ್ನು ಕೊಂಕಣಿಯಲ್ಲಿ ಹೇಳುವ ಆಸೆ. ಹುಡುಗನಿಗೆ ಕೊಂಕಣಿ ಬಾರದು, ಕಾಯ್ದೆ ಕೇಳುವುದು ಇಬ್ಬರಿಗೂ ಅರ್ಥವಾಗುವ ಭಾಷೆಯನ್ನು. ಕನ್ನಡದಲ್ಲಿ ಮೊದಲು ಹೇಳು, ಆಮೇಲೆ ಕೊಂಕಣಿಯಲ್ಲೂ ಹೇಳು, ಯಾರೂ ತಡೆಯಲಾರರು ಎಂದಿದ್ದೆ. ಹುಡುಗ ಗಟ್ಟಿ ದನಿಯಲ್ಲಿ ಶುರು ಮಾಡಿ 'ಕಾನೂನುಬದ್ಧ' ಎನ್ನುವಲ್ಲಿ ಎಡವಿದ, ಮತ್ತೆ ಮೊದಲಿನಿಂದ ಹೇಳಿದ. ಅವಳು ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಆಮೇಲೆ ಅತ್ತೆಯ ಕಡೆಗೆ ಒಮ್ಮೆ ನೋಡಿ, ಮತ್ತೆ ಅವನ ಕಡೆಗೆ ತಿರುಗಿ, ಕೊಂಕಣಿಯಲ್ಲಿ ಹೇಳಿದಳು. ಆ ಕೋಣೆಯಲ್ಲಿ ಅದು ಪೂರ್ತಿ ತಿಳಿದದ್ದು ಅತ್ತೆಯೊಬ್ಬರಿಗೇ.

ಹುಡುಗನ ತಾಯಿ ಚೀಲದಿಂದ ತಾಳಿ ತೆಗೆದು "ಇದಕ್ಕೆ ಅಡ್ಡಿಯಿದೆಯೇ ಸರ್?" ಎಂದು ಅಧಿಕಾರಿಯನ್ನೇ ಕೇಳಿದರು. ಅಡ್ಡಿಯಿಲ್ಲ. ಇಷ್ಟವಾದ ರೀತಿ ಎಂದರೆ ಇದೂ ಸೇರಿತು. ಮೇಜಿನ ಪಕ್ಕದಲ್ಲೇ ತಾಳಿ ಕಟ್ಟಿದ್ದಾಯಿತು. ದೇವಸ್ಥಾನದಲ್ಲಿ ಕಟ್ಟಿದ್ದರೆ ಕಾನೂನಿಗೆ ಲೆಕ್ಕಕ್ಕೇ ಬಾರದೆ ಹೋಗುತ್ತಿದ್ದ ತಾಳಿ, ಆ ಒಂದು ವಾಕ್ಯದ ಜೊತೆಗೆ ನಿಂತಾಗ ಮದುವೆಯ ಭಾಗವೇ ಆಯಿತು. ಅದಾದ ಮೇಲೆ ಪ್ರಮಾಣಪತ್ರಕ್ಕೆ ಐವರ ಸಹಿ, ಅಧಿಕಾರಿಯ ಸಹಿ, ಮೊಹರು.

ತೋಟ, ತಾಯಿ, ಉಯಿಲು

ಮದುವೆಗೆ ಮೊದಲೇ ಹುಡುಗನ ಚಿಕ್ಕಪ್ಪ "ಈ ಮದುವೆಯಾದರೆ ತೋಟದಲ್ಲಿ ನಿನಗೆ ಪಾಲಿಲ್ಲ" ಎಂದು ಹೇಳಿ ಕಳುಹಿಸಿದ್ದರು. ತೋಟ ಇನ್ನೂ ಅವಿಭಕ್ತ ಕುಟುಂಬದ್ದು. ಕಲಂ 19ರಂತೆ, ಅವಿಭಕ್ತ ಕುಟುಂಬದ ಹಿಂದೂ ಈ ಕಾಯ್ದೆಯಡಿ ಮದುವೆಯಾದರೆ ಅವನು ಆ ಕುಟುಂಬದಿಂದ ಬೇರ್ಪಟ್ಟಂತೆ. ಬೇರ್ಪಡುವುದು ಎಂದರೆ ಪಾಲು ಕಳೆದುಕೊಳ್ಳುವುದಲ್ಲ. ಅವನ ಪಾಲು ಅವನದೇ, ಅದನ್ನು ವಿಭಾಗ ಮಾಡಿಕೊಡಿ ಎಂದು ಕೇಳುವ ಹಕ್ಕೂ ಅವನದೇ. ಗಂಡು ಹೆಣ್ಣು ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ. 1976ರ ತಿದ್ದುಪಡಿ ಕಲಂ 21ಎ ಸೇರಿಸಿ ಅವರನ್ನು ಹೊರಗಿಟ್ಟಿದೆ. ಇಲ್ಲಿ ಅನ್ವಯಿಸುತ್ತಿತ್ತು.

ನನ್ನ ನಿಜವಾದ ಚಿಂತೆ ಇದ್ದದ್ದು ತಾಯಿಯ ಬಗ್ಗೆ. ಕಲಂ 21ರ ಪ್ರಕಾರ ಇಂಥ ಮದುವೆಯಾದವರ ಆಸ್ತಿಯ ವಾರಸುದಾರಿಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಗೆ ಹೋಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ ಉಯಿಲಿಲ್ಲದೆ ಸತ್ತರೆ ತಾಯಿ ಮೊದಲ ವರ್ಗದ ವಾರಸುದಾರಳು, ಹೆಂಡತಿ ಮಕ್ಕಳ ಜೊತೆ ಸಮಪಾಲು. 1925ರ ಕಾಯ್ದೆಯಲ್ಲಿ ಹಾಗಲ್ಲ. ಮಕ್ಕಳಿದ್ದರೆ ಹೆಂಡತಿಗೆ ಮೂರನೆಯ ಒಂದು ಭಾಗ, ಉಳಿದದ್ದೆಲ್ಲ ಮಕ್ಕಳಿಗೆ, ತಾಯಿಗೆ ಏನೂ ಇಲ್ಲ. ಸಾಕ್ಷಿಯಾಗಿ ಸಹಿ ಹಾಕಿ, ತಾಳಿ ತಂದುಕೊಟ್ಟ ತಾಯಿ, ಅದೇ ಮದುವೆಯಿಂದಾಗಿ ಮಗನ ವಾರಸುದಾರರ ಸಾಲಿನಿಂದ ಆಚೆ ಬೀಳಬಹುದಾಗಿತ್ತು. ಇದನ್ನು ಮದುವೆಗೆ ಮುಂಚೆಯೇ ಮೂವರನ್ನೂ ಕೂರಿಸಿ ಹೇಳಿದ್ದೆ. ತಾಯಿ "ನನಗೇನು ಬೇಕು, ಅವರು ಚೆನ್ನಾಗಿರಲಿ" ಎಂದರು. ಸೊಸೆಯಾಗಲಿದ್ದವಳು ಒಪ್ಪಲಿಲ್ಲ.

ಉಯಿಲನ್ನು ಮದುವೆಯ ನಂತರವೇ ಬರೆಯಿರಿ ಎಂದೆ, ಏಕೆಂದರೆ ಕ್ರೈಸ್ತರು ಮದುವೆಗೆ ಮೊದಲು ಬರೆದ ಉಯಿಲು ಮದುವೆಯಿಂದಲೇ ರದ್ದಾಗುತ್ತದೆ. ಅವರಿಬ್ಬರ ಭವಿಷ್ಯ ನಿಧಿಯ ನಾಮನಿರ್ದೇಶನವನ್ನೂ ಹೊಸದಾಗಿ ಮಾಡಿಸಿದೆ.

ಜೂನ್ ಮೊದಲ ವಾರ ಇಬ್ಬರೂ ಉಯಿಲಿಗೆ ಸಹಿ ಹಾಕಲು ಬಂದರು. ಹುಡುಗನ ಉಯಿಲಿನಲ್ಲಿ ತಾಯಿಗೆ ಊರಿನ ಮನೆಯಲ್ಲಿ ಬದುಕಿರುವವರೆಗೂ ವಾಸದ ಹಕ್ಕು ಮತ್ತು ತೋಟದ ತನ್ನ ಪಾಲಿನ ಆದಾಯದಲ್ಲಿ ಅರ್ಧ. ಆ ವಾಕ್ಯವನ್ನು ಬರೆಸಿದ್ದು ಹುಡುಗಿ. ಅವಳ ಉಯಿಲಿಗೆ ಸಾಕ್ಷಿ ಹಾಕಲು ಇಬ್ಬರು ಬೇಕಿತ್ತು. ಒಬ್ಬರು ನನ್ನ ಕಿರಿಯ ವಕೀಲರು. ಇನ್ನೊಬ್ಬರು ಅವಳ ಜೊತೆ ಬಂದು, ಹೊರಗಿನ ಬೆಂಚಿನ ಮೇಲೆ ಕೈಕಟ್ಟಿ ಕುಳಿತಿದ್ದ ಅವಳ ತಂದೆ.